ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ

ಪುಣೆಯಲ್ಲಿ ವರ್ಷಕ್ಕೆ ಮೂರು ಬಾರಿ ಫೋನಿನ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ: ಗುಡಿ ಪಾಡ್ವಾ, ದಸರೆ ಮತ್ತು ಧನತ್ರಯೋದಶಿ. ಒಂದು ಕಾಲಕ್ಕೆ ಆ ದಿನಗಳಲ್ಲಿ ಗುಂಜಿ ಬಂಗಾರವನ್ನೋ ತಾಮ್ರದ ಹಂಡೆಯನ್ನೋ ಮನೆಗೆ ತರುತ್ತಿದ್ದವರು ಈಗ ಫೋನು ತರುತ್ತಾರೆ. ಕಳೆದ ದಸರೆಯ ಸಂಜೆ ಲಕ್ಷ್ಮೀ ರಸ್ತೆಯ ಸಮೀಪದ ಒಂದು ಅಂಗಡಿಯಲ್ಲಿ ನಮ್ಮ ಸರದಿಗಾಗಿ ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ಬೇರೆ ಕೆಲಸವಿಲ್ಲದ್ದರಿಂದ ಗಿರಾಕಿಗಳು ಏನನ್ನು ಕೇಳುತ್ತಾರೆಂದು ಆಲಿಸುತ್ತ ನಿಂತೆವು. ‘ಕ್ಯಾಮೆರಾ ಕಸಾ ಆಹೇ?’ ಎಂಬುದು ಮೊದಲ ಪ್ರಶ್ನೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಷ್ಟು ಜಿಬಿ, ಹಳೆಯದನ್ನು ಕೊಟ್ಟರೆ ಎಷ್ಟು ಬಿಡುತ್ತೀರಿ, ತಿಂಗಳ ಕಂತು ಎಷ್ಟು ಎಂಬವು ಆಮೇಲಿನವು. ಒಬ್ಬ ತರುಣಿ ಬಣ್ಣ ಕೇಳಿದಳು. ಒಬ್ಬ ಹಿರಿಯರು ಫೋನನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ಭಾರವೆಂದು ಮರಳಿ ಕೊಟ್ಟರು.

ಇಪ್ಪತ್ತು ಜನರಾದರೂ ನಮ್ಮ ಮುಂದೆ ಬಂದು ಹೋಗಿರಬೇಕು. ಇದರಲ್ಲಿ ನನ್ನ ಭಾಷೆಯನ್ನು ಬರೆಯಲು ಬರುತ್ತದೆಯೇ, ಓದಲು ಹಿತವಾಗಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಸರದಿ ಬಂದಾಗ ನಾವೂ ಮೊದಲು ಕೇಳಿದ್ದು ಕ್ಯಾಮೆರಾದ ವಿಚಾರವನ್ನೇ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡು ಬಿಡುವುದು ಒಳ್ಳೆಯದು.

ಜನರ ಇಷ್ಟಾನಿಷ್ಟಗಳನ್ನು ಹೀಗಳೆಯುವ ಉದ್ದೇಶ ನಮಗಿಲ್ಲ. ಫೋನಿನ ಬಗ್ಗೆ ಸಾಮಾನ್ಯರು ಹೇಳುವ ಮೆಚ್ಚುಗೆ ಮತ್ತು ದೂರುಗಳಲ್ಲಿ ಬಹುಪಾಲು ನ್ಯಾಯವಾದವೇ. ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚುವ ಹೊತ್ತಿಗೆ ಫೋನಿನ ಚರ್ಚೆ ನಡೆಯದ ದಿನ ಕಡಿಮೆ. ಒಬ್ಬರಿಗೆ ಹಳೆಯ ನೋಕಿಯಾ 1100ರ ನೆನಪು ಇಂದಿಗೂ ಹೋಗಿಲ್ಲ. ಅದರ ತಲೆಯ ಮೇಲಿನ ಟಾರ್ಚು, ಕೈಯಿಂದ ಬಿದ್ದರೂ ಏನೂ ಆಗದ ಗಟ್ಟಿತನ, ನಾಲ್ಕಾರು ದಿನ ಚಾರ್ಜು ಮಾಡದಿದ್ದರೂ ನಡೆಯುವ ಬ್ಯಾಟರಿ. ಇನ್ನೊಬ್ಬರಿಗೆ ಈಗಿನ ಡಬ್ಬಿಯಲ್ಲಿ ಚಾರ್ಜರು ಬರುವುದಿಲ್ಲವೆಂಬ ಸಿಟ್ಟು. ಮತ್ತೊಬ್ಬರಿಗೆ ಇಯರ್‌ಫೋನು ಚುಚ್ಚುವ ತೂತನ್ನೇ ಮುಚ್ಚಿಬಿಟ್ಟರೆಂಬ ದುಃಖ. ಬೇಡದ ಆ್ಯಪುಗಳನ್ನು ಮೊದಲೇ ತುಂಬಿಸಿ ಕೊಡುವುದು, ಬೀಗ ತೆರೆಯುವ ಮುನ್ನವೇ ಜಾಹೀರಾತು ತೋರಿಸುವುದು, ಎರಡು ವರ್ಷಕ್ಕೆ ಅಪ್‌ಡೇಟು ನಿಂತುಹೋಗುವುದು ಎಲ್ಲರಿಗೂ ಬೇಸರ ತರುವ ಸಂಗತಿಗಳು. ಇವೆಲ್ಲವೂ ಬಳಸಿ ನೊಂದವರ ಮಾತುಗಳು.

ಆದರೆ ಈ ಪಟ್ಟಿಯನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನಾವು ದಿನದಲ್ಲಿ ನಾಲ್ಕೈದು ಚಿತ್ರ ತೆಗೆಯುತ್ತೇವೇನೋ. ಆದರೆ ಓದುವುದು ಮತ್ತು ಬರೆಯುವುದು ನೂರು ಸಲ. ಫೋನೆಂಬುದು ನಮ್ಮಲ್ಲಿ ಬಹಳಷ್ಟು ಜನರಿಗೆ ಈಗ ದಿನದ ಏಕೈಕ ಪುಸ್ತಕ, ಏಕೈಕ ಪಾಟಿ. ಹಾಗಿದ್ದೂ ಆ ಪಾಟಿಯ ಮೇಲೆ ಯಾವ ಅಕ್ಷರ ಮೂಡುತ್ತದೆ ಎಂಬುದು ನಮ್ಮ ಆಯ್ಕೆಯ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಇದು ಸಣ್ಣ ಮರೆವಲ್ಲವೆಂದು ನಮಗೆ ತಿಳಿದದ್ದು ನಮ್ಮ ತಾಯಿಯವರಿಂದ.

ನಮ್ಮ ತಾಯಿ ಗದಗದಲ್ಲಿದ್ದಾರೆ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ನಾವು ಪುಣೆಗೆ ನೌಕರಿಗೆ ಬಂದ ಮೊದಲ ವರ್ಷಗಳಲ್ಲಿ ತಿಂಗಳಿಗೆ ಎರಡು ಅಂತರ್ದೇಶೀಯ ಪತ್ರ ಬರೆಯುತ್ತಿದ್ದರು. ಮಡಚುವ ಅಂಚಿನಲ್ಲಿಯೂ ಅಡ್ಡಡ್ಡ ಬರೆದು, ಒಂದು ಬೆರಳಿನಷ್ಟು ಜಾಗವನ್ನೂ ಬಿಡುತ್ತಿರಲಿಲ್ಲ. ಮನೆಗೆ ಫೋನು ಬಂದ ಮೇಲೆ ಪತ್ರ ನಿಂತಿತು. ಅದಕ್ಕೆ ಯಾರೂ ಮರುಗಲಿಲ್ಲ. ದನಿಯೇ ಕೇಳುವಾಗ ಕಾಗದವೇಕೆ ಎಂದುಕೊಂಡೆವು. ಕೆಲವು ವರ್ಷಗಳ ಹಿಂದೆ ಒಂದು ದೀಪಾವಳಿಗೆ ಅವರಿಗಾಗಿ ಒಳ್ಳೆಯ ಬೆಲೆಯ ಸ್ಮಾರ್ಟ್‌ಫೋನು ಕೊಂಡೊಯ್ದೆವು. ದೊಡ್ಡ ತೆರೆ, ಎರಡು ಕ್ಯಾಮೆರಾ, ಬೆರಳಿಟ್ಟರೆ ತೆರೆಯುವ ಬೀಗ. ಎಲ್ಲವೂ ನಾವು ನಮಗಾಗಿ ಬಯಸುವಂಥದ್ದು.

ಯುಗಾದಿಗೆ ಊರಿಗೆ ಹೋದಾಗ ಅದು ಕಪಾಟಿನಲ್ಲಿ ಟವೆಲಿನೊಳಗೆ ಸುತ್ತಿಕೊಂಡು ಮಲಗಿತ್ತು. ತಾಯಿ ಹಳೆಯ ಗುಂಡಿ ಫೋನಿನಲ್ಲೇ ಮಾತಾಡುತ್ತಿದ್ದರು. ‘ಫೋನ್ ಭಾಳ ಛಲೋ ಐತಿ ತಮ್ಮಾ, ಆದ್ರ ಅದು ನನ್ನ ಕೂಡ ಮಾತಾಡೂದಿಲ್ಲ’ ಎಂದರು. ಐವತ್ತು ವರ್ಷ ಪಾತ್ರೆ ತಿಕ್ಕಿದ ಬೆರಳಿನ ಗೆರೆಗಳು ಸವೆದಿದ್ದರಿಂದ ಬೀಗ ಅವರನ್ನು ಗುರುತಿಸುತ್ತಿರಲಿಲ್ಲ. ಬೀಗ ತೆರೆದರೂ ಒಳಗಿದ್ದುದೆಲ್ಲ ಇಂಗ್ಲಿಷು. ಏನೋ ಒಂದು ಚೌಕ ಎದ್ದು ನಿಂತು ಎರಡು ಪದಗಳನ್ನು ತೋರಿಸಿದರೆ, ಯಾವುದನ್ನು ಒತ್ತಬೇಕೆಂಬುದು ತಿಳಿಯದೆ ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು. ಬ್ಯಾಂಕಿನಿಂದ ಬರುವ ಸಂದೇಶವೂ ಇಂಗ್ಲಿಷು. ಪಿಂಚಣಿ ಬಂತೋ, ಯಾರೋ ಹಣ ತೆಗೆದರೋ, ಕೇವಲ ಜಾಹೀರಾತೋ, ಎಲ್ಲವೂ ಅವರಿಗೆ ಒಂದೇ ಸಾಲು. ಅದನ್ನು ಓದಿಸಲು ಫೋನನ್ನೇ ಪರರ ಕೈಗೆ ಕೊಡಬೇಕು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆಯೂ ಅವರಿಗೆ ಓದಲು ಬಾರದ ಭಾಷೆಯಲ್ಲಿಯೇ ಇತ್ತು.

ಅಂದು ನಮಗೆ ನಾಚಿಕೆಯಾಯಿತು. ನಾವು ಇಂಗ್ಲಿಷ್ ಎಂ.ಎ. ಮಾಡಿದವರು, ಫೋನಿನ ಇಂಗ್ಲಿಷು ನಮಗೆ ಗಾಳಿಯಂತೆ, ಕಣ್ಣಿಗೆ ಕಾಣುವುದೇ ಇಲ್ಲ. ಏಳನೆಯ ಇಯತ್ತೆಯವರೆಗೆ ಓದಿ, ವಾರಪತ್ರಿಕೆಯ ಧಾರಾವಾಹಿಗಳನ್ನು ಬಿಡದೆ ಓದಿ, ಚೆಂದದ ಅಕ್ಷರದಲ್ಲಿ ಪತ್ರ ಬರೆಯುತ್ತಿದ್ದ ಹೆಂಗಸನ್ನು ಹದಿನೆಂಟು ಸಾವಿರ ರೂಪಾಯಿ ಕೊಟ್ಟು ನಾವು ನಿರಕ್ಷರಿಯನ್ನಾಗಿ ಮಾಡಿದ್ದೆವು.

ಈ ಪರಿಸ್ಥಿತಿ ಹೇಗೆ ಬಂತೆಂಬುದನ್ನು ಸ್ವಲ್ಪ ಹಿಂದೆ ಹೋಗಿ ನೋಡಬೇಕು. ಕನ್ನಡಕ್ಕೆ ಯಂತ್ರದಲ್ಲಿ ಸ್ಥಾನವಿರಲಿಲ್ಲ ಎನ್ನುವುದು ಸರಿಯಲ್ಲ. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರ, ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಸ್ಮಾರ್ಟ್‌ಫೋನು ಬರುವುದಕ್ಕೆ ಮೊದಲೇ ಸಾಧ್ಯವಾಗಿತ್ತು. ತೊಡಕು ಇದ್ದದ್ದು ಫೋನಿನಲ್ಲಿ, ಅದರಲ್ಲಿಯೂ ಎಸ್ಸೆಮ್ಮೆಸ್ಸಿನ ಲೆಕ್ಕದಲ್ಲಿ.

ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸುತ್ತವೆ. ಕನ್ನಡದಂಥ ಲಿಪಿಯಲ್ಲಿ ಬರೆದರೆ ಅದೇ ಸಂದೇಶದಲ್ಲಿ 70 ಸಂಕೇತಗಳಿಗೆ ಮಾತ್ರ ಜಾಗ. ಸಂಕೇತವೆಂದರೆ ನಾವು ಎಣಿಸುವ ಅಕ್ಷರವೂ ಅಲ್ಲ. ‘ನಮಸ್ಕಾರ’ ಎಂಬುದು ಕಾಗದದ ಮೇಲೆ ನಾಲ್ಕು ಅಕ್ಷರ. ಯಂತ್ರದ ಲೆಕ್ಕದಲ್ಲಿ ಅರ್ಧ ಸಕಾರದ ಹಲಂತವೂ ದೀರ್ಘದ ಚಿಹ್ನೆಯೂ ಬೇರೆಬೇರೆಯಾಗಿ ಏಳು ಸಂಕೇತ. ಹತ್ತು ಸಲ ನಮಸ್ಕಾರ ಬರೆದರೆ, ನಡುವೆ ಜಾಗ ಬಿಡದಿದ್ದರೂ, ಒಂದು ಸಂದೇಶ ಮುಗಿದುಹೋಗುತ್ತಿತ್ತು. ಸಂದೇಶಕ್ಕೆ ಇಷ್ಟು ಪೈಸೆಯೆಂದು ಹಣ ಕೊಡುತ್ತಿದ್ದ ಆ ಕಾಲದಲ್ಲಿ ಕನ್ನಡದಲ್ಲಿ ಬರೆಯುವುದು ದುಪ್ಪಟ್ಟು ವೆಚ್ಚದ ಬಾಬತ್ತು. ಅಷ್ಟು ಖರ್ಚು ಮಾಡಿ ಕಳಿಸಿದರೂ ಆ ಕಡೆಯ ಫೋನಿನಲ್ಲಿ ಅಕ್ಷರದ ಬದಲು ಸಾಲಾಗಿ ಖಾಲಿ ಚೌಕಗಳು ಕಾಣಿಸುತ್ತಿದ್ದವು. ಇಲ್ಲವೇ ಒತ್ತಕ್ಷರ ಮುರಿದು ಪಕ್ಕದಲ್ಲಿ ಬೀಳುತ್ತಿತ್ತು. ಹೀಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದನ್ನು ನಮ್ಮ ಪೀಳಿಗೆ ಕಲಿತದ್ದು ಶೋಕಿಗಾಗಿ ಅಲ್ಲ, ಮಿತವ್ಯಯಕ್ಕಾಗಿ. ‘ಊಟ’ವೆಂದರೆ ಎರಡು ‘ಓ’, ಒಂದು ‘ಟಿ’, ಒಂದು ‘ಎ’ ಎಂದು ಬೆರಳಿಗೆ ರೂಢಿಯಾಯಿತು.

ಕಾರಣ ಹೋದ ಮೇಲೂ ರೂಢಿ ಉಳಿಯುತ್ತದೆ. ಇಂದು ಆ ಕಾರಣಗಳಲ್ಲಿ ಒಂದೂ ಉಳಿದಿಲ್ಲ. ವಾಟ್ಸ್ಆ್ಯಪಿನಲ್ಲಿ ಸಂದೇಶಕ್ಕೆ ಅಕ್ಷರದ ಲೆಕ್ಕದ ದರವಿಲ್ಲ. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಭಾರತೀಯ ಮಾನಕ ಬ್ಯೂರೊದ ಐಎಸ್ 16333ರ ಮೂರನೆಯ ಭಾಗವನ್ನು ಕಡ್ಡಾಯಗೊಳಿಸಿತು. ಅದರ ಪ್ರಕಾರ ಇಲ್ಲಿ ಮಾರುವ ಪ್ರತಿಯೊಂದು ಫೋನೂ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಓದಲು ಬರುವಂತೆ ತೋರಿಸಬೇಕು. ಬರೆಯಲು ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದಾದರೂ ಭಾರತೀಯ ಭಾಷೆಗೆ ಅವಕಾಶ ಕೊಡಬೇಕು. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡದ ದನಿಯನ್ನು ಅಕ್ಷರಕ್ಕಿಳಿಸುವ ಸೌಲಭ್ಯ ತಂದಿತು. ಅದೇ ವರ್ಷ ಆ್ಯಪಲ್ ತನ್ನ ಐಒಎಸ್ 11ರಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿತು. ಐಫೋನು ಭಾರತಕ್ಕೆ ಬಂದದ್ದು 2008ರಲ್ಲಿ. ಅಂದರೆ ಒಂಬತ್ತು ವರ್ಷ ಕನ್ನಡಿಗರು ಲಕ್ಷಣವಾದ ಬೆಲೆ ಕೊಟ್ಟು, ತಮ್ಮ ಲಿಪಿಯ ಕೀಲಿಮಣೆಯನ್ನು ಜೊತೆಯಲ್ಲಿ ಕೊಡದ ಫೋನನ್ನು ಹೆಮ್ಮೆಯಿಂದ ಕೊಂಡರು. ತಯಾರಕರನ್ನು ದೂರುವುದಕ್ಕಿಂತ ಮುಂಚೆ ಈ ಲೆಕ್ಕವನ್ನು ನಾವು ನೆನೆಯಬೇಕು. ಕೇಳದವರಿಗೆ ಯಾರೂ ಬಡಿಸುವುದಿಲ್ಲ.

ಈ ಮರೆವು ಪುಣೆಯಲ್ಲಿ ನಡೆಯುವುದು ಇನ್ನೂ ಹೆಚ್ಚು ಸೋಜಿಗದ ವಿಷಯ. ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ಒಗ್ಗಿಸಿದ ಕೆಲಸದ ದೊಡ್ಡ ಭಾಗ ನಡೆದದ್ದು ಇದೇ ಊರಿನಲ್ಲಿ. 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಎಂದರೆ ಜನರಿಗೆ 1991ರ ಪರಮ್ 8000 ಸೂಪರ್ ಕಂಪ್ಯೂಟರಿನ ನೆನಪಾಗುತ್ತದೆ. ಆದರೆ ಐಐಟಿ ಕಾನ್ಪುರದಲ್ಲಿ ಮೊಳೆತು ಇಲ್ಲಿಗೆ ಬಂದ ‘ಜಿಸ್ಟ್’ ಎಂಬ ಲಿಪಿ ತಂತ್ರಜ್ಞಾನವೂ ಅದೇ ಸಂಸ್ಥೆಯಲ್ಲಿ ಬೆಳೆಯಿತು. ಅದರೊಡನೆ ಹರಡಿದ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯ ಹಿಂದಿರುವ ವಿಚಾರ ಸರಳ, ಆದರೆ ಬಹಳ ದೊಡ್ಡದು. ನಮ್ಮ ಲಿಪಿಗಳ ರೂಪ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ. ಆದ್ದರಿಂದ ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳೆಲ್ಲ ಹೆಚ್ಚಾಗಿ ಬಲಗೈಗೆ. ಒಂದು ಭಾಷೆಯ ‘ಕ’ ಯಾವ ಕೀಲಿಯಲ್ಲಿದೆಯೋ ಉಳಿದ ಭಾಷೆಗಳ ‘ಕ’ವೂ ಅಲ್ಲಿಯೇ.

ಇದು ನಮಗೆ ಅನುಭವಕ್ಕೆ ಬಂದದ್ದು ಆಕಸ್ಮಿಕವಾಗಿ. ಕೇಂದ್ರ ಸರ್ಕಾರದ ನೌಕರರಾದ್ದರಿಂದ ಹಿಂದಿ ಟೈಪಿಂಗ್ ಕಲಿಯಬೇಕಾಯಿತು. ಸೆಪ್ಟೆಂಬರಿನ ಹಿಂದಿ ಪಖವಾಡಾ ಬಂದಾಗ ಸ್ಪರ್ಧೆ, ಬಹುಮಾನ, ಪ್ರಮಾಣಪತ್ರ ಎಲ್ಲವೂ ಉಂಟು. ಹಲವು ತಿಂಗಳು ಅಭ್ಯಾಸ ಮಾಡಿದ ಮೇಲೆ ಬೆರಳು ತಾನಾಗಿ ಓಡತೊಡಗಿತು. ಒಂದು ದಿನ ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಸುಮ್ಮನೆ ಅದೇ ಕೀಲಿಗಳನ್ನು ಒತ್ತಿದೆವು. ಪ, ರ, ಕ, ತ, ಚ, ಟ ಸಾಲಾಗಿ ಕನ್ನಡದಲ್ಲಿ ಬಂದು ನಿಂತವು. ಕನ್ನಡವನ್ನು ಟೈಪು ಮಾಡಲು ನಮಗೆ ಯಾರೂ ಕಲಿಸಿರಲಿಲ್ಲ. ಆದರೂ ಆರು ತಿಂಗಳಿಂದ ನಮಗೆ ಅದು ಬರುತ್ತಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. ಫೋನಿನ ವಿಷಯವೂ ಬಹುಶಃ ಹೀಗೆಯೇ. ನಮ್ಮ ಜೇಬಿನಲ್ಲಿರುವ ಯಂತ್ರಕ್ಕೆ ಕನ್ನಡ ಬರುತ್ತದೆ. ನಾವು ಕೇಳಿಲ್ಲ, ಅದು ಹೇಳಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದು ಅನುಕೂಲದ ಮಾತಷ್ಟೇ ಅಲ್ಲ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು ಹತ್ತು ಲಕ್ಷ. ಅವರಲ್ಲಿ ಸೊಲ್ಲಾಪುರ, ಸಾಂಗಲಿಗಳ ಗಡಿಯಲ್ಲಿರುವವರಿಗೆ ಸುತ್ತಲೂ ಕನ್ನಡ ಕೇಳಿಸುತ್ತದೆ. ಪುಣೆಯಲ್ಲಿ ಹಾಗಿಲ್ಲ. ಇಲ್ಲಿ ಕನ್ನಡ ಸಂಘವಿದೆ, ಅದು ನಡೆಸುವ ಶಾಲೆಗಳಿವೆ, ಹಬ್ಬಕ್ಕೆ ಸೇರುವ ಬಳಗಗಳಿವೆ. ಆದರೂ ಬೀದಿಯಲ್ಲಿ ನಡೆದು ಹೋಗುವ ಮಗುವಿನ ಕಣ್ಣಿಗೆ ಕನ್ನಡದ ಒಂದು ಫಲಕ ಬೀಳುವುದಿಲ್ಲ. ನಮ್ಮ ಮಗ ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾನೆ. ಬಸ್ಸಿನ ಹಣೆಯ ಮೇಲೆ, ಅಂಗಡಿಯ ಫಲಕದಲ್ಲಿ, ಹಳೆಯ ವಾಡೆಗಳ ಬಾಗಿಲಿಗೆ ಅಂಟಿಸಿದ ಪುಣೇರಿ ಪಾಟಿಗಳಲ್ಲಿ ದೇವನಾಗರಿ ಓದಿ ನಗುತ್ತಾನೆ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಮಾತ್ರ ತಡವರಿಸುತ್ತಾನೆ. ಮರಾಠಿಗೆ ದೇವನಾಗರಿಯ ಆಸರೆಯಿದೆ: ಹಿಂದಿಗಾಗಿ ತಯಾರಕರು ಮಾಡಿದ ಏರ್ಪಾಡಿನಲ್ಲಿ ಅರ್ಧ ಕೆಲಸ ಮರಾಠಿಗೂ ಆಗಿಹೋಗುತ್ತದೆ. ಕನ್ನಡದ ಲಿಪಿಗೆ ಅಂಥ ಆಸರೆಯಿಲ್ಲ. ಅದನ್ನು ನಾವೇ ಕೇಳಿ ಪಡೆಯಬೇಕು.

ಹೀಗಿರುವಾಗ ಪುಣೆಯ ಕನ್ನಡದ ಮನೆಯೊಂದಕ್ಕೆ ನಿತ್ಯವೂ ಕನ್ನಡ ಅಕ್ಷರ ಬರುವ ದಾರಿ ಯಾವುದು? ಪತ್ರಿಕೆಯನ್ನು ತರಿಸಿಕೊಳ್ಳುವವರು ವಿರಳ. ಅಂಚೆಯ ಪತ್ರ ನಿಂತುಹೋಯಿತು. ಉಳಿದದ್ದು ಫೋನೊಂದೇ. ಆ ಒಂದು ಕಿಟಕಿಯಲ್ಲಿಯೂ ನಾವು ಇಂಗ್ಲಿಷ್ ಅಕ್ಷರದ ಪರದೆ ಇಳಿಬಿಟ್ಟರೆ, ಮಕ್ಕಳಿಗೆ ಕನ್ನಡ ಕಿವಿಯ ಭಾಷೆಯಾಗಿ ಮಾತ್ರ ಉಳಿದೀತು. ಕಿವಿಯ ಭಾಷೆ ಒಂದು ಪೀಳಿಗೆ ನಡೆಯುತ್ತದೆ, ಕಷ್ಟಪಟ್ಟರೆ ಎರಡು. ಇದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಅಜ್ಜನ ಕಾಲಕ್ಕೆ ಧಾರವಾಡ, ವಿಜಯಪುರಗಳಿಂದ ಬಂದು, ಈಗ ಹೆಸರಿನಲ್ಲಿ ಮಾತ್ರ ಊರನ್ನು ಉಳಿಸಿಕೊಂಡಿರುವ ಮನೆಗಳನ್ನು ಈ ಊರಿನಲ್ಲಿ ನಾವೆಲ್ಲರೂ ಕಂಡಿದ್ದೇವೆ.

ಇದಕ್ಕೆ ಬರುವ ಆಕ್ಷೇಪಣೆಗಳು ನಮಗೆ ಗೊತ್ತಿಲ್ಲದವಲ್ಲ. ದನಿಯಲ್ಲಿಯೇ ಸಂದೇಶ ಕಳಿಸಬಹುದಾದಾಗ ಅಕ್ಷರವೇಕೆ ಎಂಬುದು ಮೊದಲನೆಯದು. ದನಿ ಒಳ್ಳೆಯದೇ, ತಾಯಿಯ ದನಿಗೆ ಸಮನಾದ ಕಾಗದವಿಲ್ಲ. ಆದರೆ ದನಿಯನ್ನು ಸಭೆಯಲ್ಲಿ ಕುಳಿತು ಕೇಳಲಾಗದು, ಮೂರು ತಿಂಗಳ ನಂತರ ಹುಡುಕಲಾಗದು. ಔಷಧಿಯ ಹೆಸರು, ಬಸ್ಸಿನ ಸಮಯ, ಸಾಲದ ಲೆಕ್ಕ ಇವೆಲ್ಲ ಬರಹದಲ್ಲಿಯೇ ನಿಲ್ಲಬೇಕು. ಎರಡನೆಯ ಆಕ್ಷೇಪಣೆ, ಫೋನಿನ ಕನ್ನಡ ಅರ್ಥವಾಗುವುದಿಲ್ಲ ಎಂಬುದು. ಇದರಲ್ಲಿ ಸತ್ಯವಿದೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಕೆಲವು ಕಡೆ ಯಾರೂ ಆಡದ ಸಂಸ್ಕೃತ, ಕೆಲವು ಕಡೆ ಇಂಗ್ಲಿಷ್ ವಾಕ್ಯದ ಎಲುಬಿಗೆ ಕನ್ನಡದ ಚರ್ಮ ಹೊದಿಸಿದ ಮಾತು ಎದುರಾಗುತ್ತದೆ. ಎರಡು ದಿನ ನಮಗೂ ದಾರಿ ತಪ್ಪಿತು. ಅಲಾರಂ ಎಲ್ಲಿದೆಯೆಂದು ಹುಡುಕಿ ಸೋತೆವು. ಆದರೆ ಇಂಗ್ಲಿಷಿನಲ್ಲಿ ಕಂಪ್ಯೂಟರಿನ ಕಿಟಕಿ, ಇಲಿ, ಮೋಡಗಳು ಮೊದಲ ದಿನವೇ ಸಹಜವಾಗಿ ಕೇಳಿದವೇ? ಬಳಸಿ ಬಳಸಿ ಅವು ಸವೆದು ನುಣುಪಾದವು. ಬಳಸುವವರಿಲ್ಲದ ಅನುವಾದವನ್ನು ತಿದ್ದುವವರೂ ಇರುವುದಿಲ್ಲ.

ಮೂರನೆಯ ಆಕ್ಷೇಪಣೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಅರ್ಥವಾಗುತ್ತದಲ್ಲ ಎಂಬುದು. ಯಾರಿಗೆ ಎಂದು ನಾವು ಮರುಪ್ರಶ್ನೆ ಹಾಕುತ್ತೇವೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲವರಿಗೆ ಅರ್ಥವಾಗುತ್ತದೆ. ಕನ್ನಡವನ್ನಷ್ಟೇ ಓದಬಲ್ಲ ಗದಗದ ತಾಯಿಗೆ ಅದು ಇಂಗ್ಲಿಷೇ. ಅಂದರೆ ನಮ್ಮ ಕುಟುಂಬದ ಗುಂಪಿನಲ್ಲಿ ನಾವು ವರ್ಷಗಟ್ಟಲೆ ತಾಯಿಯ ಕಣ್ಣೆದುರಿಗೇ, ತಾಯಿಯ ಭಾಷೆಯಲ್ಲಿಯೇ, ತಾಯಿಗೆ ತಿಳಿಯದಂತೆ ಮಾತಾಡಿಕೊಂಡಿದ್ದೆವು.

ಆ ಯುಗಾದಿಯ ಮರುದಿನ ಟವೆಲಿನಿಂದ ಫೋನನ್ನು ಹೊರತೆಗೆದು ಮೂರು ಕೆಲಸ ಮಾಡಿದೆವು. ಬೆರಳಿನ ಬೀಗ ತೆಗೆದು ನಾಲ್ಕು ಅಂಕಿಯ ಬೀಗ ಹಾಕಿದೆವು. ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಅಕ್ಷರಗಳನ್ನು ದೊಡ್ಡದು ಮಾಡಿದೆವು. ಕೀಲಿಮಣೆಯಲ್ಲಿ ಕನ್ನಡ ಸೇರಿಸಿ, ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಅಕ್ಷರ ಮೂಡುವುದನ್ನು ತೋರಿಸಿದೆವು. ‘ನಾ ಬರಾಕತ್ತೇನಿ’ ಎಂದು ತಾಯಿ ಹೇಳಿದರೆ ಯಂತ್ರ ಇನ್ನೇನನ್ನೋ ಬರೆಯಿತು. ನಾಲ್ಕು ಸಲ ಸೋತ ಮೇಲೆ ಅವರೇ ಉಪಾಯ ಕಂಡುಕೊಂಡರು: ಧಾರವಾಡ ಆಕಾಶವಾಣಿಯಲ್ಲಿ ವಾರ್ತೆ ಓದುವವರ ದನಿಯಲ್ಲಿ, ‘ನಾನು ಬರುತ್ತಿದ್ದೇನೆ’ ಎಂದು ಒಂದೊಂದೇ ಪದ ಬಿಡಿಸಿ ಹೇಳಿದರು. ಅಕ್ಷರ ಸರಿಯಾಗಿ ಬಂತು. ಧಾರವಾಡದ ಕಡೆಯ ಕನ್ನಡ ಯಂತ್ರಕ್ಕೆ ಇನ್ನೂ ಸರಿಯಾಗಿ ತಿಳಿಯುವುದಿಲ್ಲವೆಂಬ ನಮ್ಮ ದೂರು ಹಾಗೆಯೇ ಉಳಿದಿದೆ. ಬ್ಯಾಂಕಿನ ಸಂದೇಶಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಬರುತ್ತಿವೆ. ಆದರೂ ಫೋನು ಮತ್ತೆ ಕಪಾಟಿಗೆ ಹೋಗಲಿಲ್ಲ.

ಆದ್ದರಿಂದ ಫೋನು ಕೊಳ್ಳುವವರಿಗೆ, ವಿಶೇಷವಾಗಿ ತಂದೆತಾಯಿಗಾಗಿ ಕೊಳ್ಳುವವರಿಗೆ, ನಮ್ಮ ಸೂಚನೆ ಇಷ್ಟು. ಕ್ಯಾಮೆರಾವನ್ನು ಪರೀಕ್ಷಿಸುವಷ್ಟೇ ಹೊತ್ತನ್ನು ಅಕ್ಷರಕ್ಕೂ ಕೊಡಿ. ಅಂಗಡಿಯಲ್ಲಿಯೇ ಕನ್ನಡ ಕೀಲಿಮಣೆ ತೆರೆಸಿ ‘ಸ್ವಾತಂತ್ರ್ಯ’ ಎಂದೋ ‘ರಾಷ್ಟ್ರ’ ಎಂದೋ ಬರೆದು ನೋಡಿ. ಒತ್ತುಗಳು ತಮ್ಮ ಜಾಗದಲ್ಲಿ ಕೂರಬೇಕು. ಅಕ್ಷರದ ಗಾತ್ರವನ್ನು ತುದಿಯವರೆಗೆ ಹಿಗ್ಗಿಸಿ, ಕೆಳಗಿನ ಒತ್ತು ಸಾಲಿನ ಅಂಚಿನಲ್ಲಿ ಕತ್ತರಿಸಿ ಹೋಗುತ್ತದೆಯೇ ನೋಡಿ. ಫೋನಿನ ಒಟ್ಟು ಭಾಷೆಯನ್ನು ಕನ್ನಡಕ್ಕೆ ಬದಲಿಸಲು ಬರುತ್ತದೆಯೇ ಕೇಳಿ. ಎಷ್ಟು ವರ್ಷ ಅಪ್‌ಡೇಟು ಕೊಡುತ್ತಾರೆಂದು ಕೇಳಿ, ಏಕೆಂದರೆ ಭಾಷೆಯ ಹೊಸ ಸೌಲಭ್ಯಗಳು ಬರುವುದು ಅದರ ಮೂಲಕವೇ. ಮತ್ತು ಯಾರಿಗಾಗಿ ಕೊಳ್ಳುತ್ತೀರೋ ಅವರ ಬೆರಳು, ಅವರ ಕಣ್ಣು, ಅವರ ಓದನ್ನು ನೆನೆದು ಆರಿಸಿ, ನಿಮ್ಮ ಆಸೆಯನ್ನಲ್ಲ.

ದಸರೆಯ ಆ ಸಂಜೆ ಕ್ಯಾಮೆರಾದ ಮಾತು ಮುಗಿದ ಮೇಲೆ ನಾವು ಈ ಪರೀಕ್ಷೆಗಳನ್ನೂ ಮಾಡಿದೆವು. ಅಂಗಡಿಯ ಹುಡುಗ ಮೊದಲು ಬೇಸರದಿಂದ, ಆಮೇಲೆ ಕುತೂಹಲದಿಂದ ನೋಡಿದ. ಇದನ್ನು ತನ್ನಲ್ಲಿ ಯಾರೂ ಕೇಳಿಲ್ಲವೆಂದು ಮರಾಠಿಯಲ್ಲಿ ಹೇಳಿ, ಇನ್ನೊಂದು ಫೋನಿನಲ್ಲಿಯೂ ತಾನೇ ಮಾಡಿ ನೋಡಿದ. ಗಿರಾಕಿಗಳು ಕೇಳಿದ್ದಕ್ಕೇ ಮಾರುವವನು ಉತ್ತರ ಸಿದ್ಧ ಮಾಡಿಕೊಳ್ಳುತ್ತಾನೆ. ಎಲ್ಲರೂ ಕ್ಯಾಮೆರಾ ಕೇಳಿದ್ದರಿಂದಲೇ ಇಂದು ಫೋನಿನ ಬೆನ್ನಿನ ಮೇಲೆ ನಾಲ್ಕು ಕಣ್ಣುಗಳಿವೆ.

ಮೊನ್ನೆ ತಾಯಿಯಿಂದ ಮೊಮ್ಮಗನಿಗೆ ಒಂದು ಸಂದೇಶ ಬಂತು: ಪರೀಕ್ಷೆ ಹೇಗಾಯಿತು, ರಜೆಗೆ ಯಾವಾಗ ಬರುತ್ತೀ, ಗಿಡದಲ್ಲಿ ಪೇರಲ ಹಣ್ಣಾಗಿವೆ. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ. ‘ಪರೀಕ್ಷೆ’ಯ ಕ್ಷಕಾರದ ಹತ್ತಿರ ನಿಂತು ನಮ್ಮ ಮುಖ ನೋಡಿದ. ನಾವು ಹೇಳಿಕೊಟ್ಟೆವು. ‘ಚೆನ್ನಾಗಿ’ ಎಂದು ಅವನೇ ಉತ್ತರ ಬರೆದ. ಒಂದು ನಕಾರ ತಪ್ಪಿತ್ತು. ತಿದ್ದಲು ನಾವು ಕೈ ಚಾಚುವಷ್ಟರಲ್ಲಿ ಅವನು ಕಳಿಸಿಯೇಬಿಟ್ಟಿದ್ದ.